ಆರನೇ ಜಲಾಂತರ್ಗಾಮಿಯ ಕೊನೆಯ ಬರಹ

1910ರ ಏಪ್ರಿಲ್ 15ರಂದು ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ಜಪಾನಿನ ಹಿರೋಶಿಮಾ ಕೊಲ್ಲಿಯಲ್ಲಿ ಆ ದೇಶದ ನೌಕಾದಳದ ‘6ನೇ ಜಲಾಂತರ್ಗಾಮಿ’ ಮುಳುಗಿತು. ಅದು ಯುದ್ಧಕಾಲವಾಗಿರಲಿಲ್ಲ, ಶತ್ರುವೂ ಇರಲಿಲ್ಲ. ನಿತ್ಯದ ತರಬೇತಿಗೆಂದು ನೀರಿಗಿಳಿದ ದೋಣಿ ಮತ್ತೆ ಮೇಲೇರಲಿಲ್ಲ. ಅದರಲ್ಲಿದ್ದ ಹದಿನಾಲ್ಕು ಮಂದಿಯೂ ಉಸಿರುಗಟ್ಟಿ ಮಡಿದರು. ದೋಣಿಯನ್ನು ಮೇಲೆತ್ತಿದಾಗ ಅದರ ನಾಯಕ ಲೆಫ್ಟಿನೆಂಟ್ ಸಕುಮಾ ತ್ಸುತೊಮುವಿನ ಬಳಿ ಒಂದು ಸಣ್ಣ ಕೈಪುಸ್ತಕ ದೊರೆಯಿತು. ಅದರ 39 ಪುಟಗಳಲ್ಲಿ ಅವನು ಪೆನ್ಸಿಲಿನಿಂದ, ಅರೆಗತ್ತಲೆಯಲ್ಲಿ, ಕೊನೆಯುಸಿರಿನವರೆಗೂ ಬರೆದಿದ್ದನು.

ನೌಕಾ ಇತಿಹಾಸದಲ್ಲಿ ಈ ಅಪಘಾತಕ್ಕೆ ಸಲ್ಲುವ ಸ್ಥಾನ ಚಿಕ್ಕದು. ಅದಕ್ಕಿಂತ ದೊಡ್ಡ ದುರಂತಗಳು ಮುಂದೆ ನೂರಾರು ಸಂಭವಿಸಿವೆ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಈ 39 ಪುಟಗಳು ಬಿಡಲಾಗದ ಒಂದು ಪ್ರಶ್ನೆಯನ್ನು ಮುಂದಿಡುತ್ತವೆ. ಬರಹಕ್ಕೆ ಸತ್ಯದ ಬಲ ಬರುವುದು ಎಲ್ಲಿಂದ? ಆ ಕಾಲದ ಜಪಾನಿನ ಶ್ರೇಷ್ಠ ಕಾದಂಬರಿಕಾರ ನತ್ಸುಮೆ ಸೋಸೆಕಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಈ ಪ್ರಶ್ನೆಯನ್ನು ಎತ್ತಿಕೊಂಡನು. ಅವನು ಕೊಟ್ಟ ಉತ್ತರವನ್ನು ಅರಿಯಬೇಕಾದರೆ ಮೊದಲು ದೋಣಿಯನ್ನೂ, ಅದು ಮುಳುಗಿದ ಬಗೆಯನ್ನೂ, ಆ ಪುಟಗಳಲ್ಲಿ ಇರುವುದನ್ನೂ ಕ್ರಮವಾಗಿ ನೋಡಬೇಕು.

ಜಲಾಂತರ್ಗಾಮಿಯ ಶೈಶವ

ಇಪ್ಪತ್ತನೆಯ ಶತಮಾನದ ಮೊದಲ ದಶಕ ಜಲಾಂತರ್ಗಾಮಿಗಳ ಶೈಶವಕಾಲ. ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜಾನ್ ಫಿಲಿಪ್ ಹಾಲೆಂಡ್ ರೂಪಿಸಿದ ದೋಣಿಯನ್ನು ಅಮೆರಿಕದ ನೌಕಾದಳ ಸ್ವೀಕರಿಸಿದ್ದು 1900ರಲ್ಲಿ. ಮರುವರ್ಷವೇ ಬ್ರಿಟನ್ ಅದೇ ಮಾದರಿಯ ದೋಣಿಯನ್ನು ನೀರಿಗಿಳಿಸಿತು. ನೀರಿನ ಮೇಲೆ ಚಲಿಸುವಾಗ ಗ್ಯಾಸೊಲಿನ್ ಎಂಜಿನ್, ನೀರಿನ ಕೆಳಗೆ ಬ್ಯಾಟರಿಯಿಂದ ನಡೆಯುವ ವಿದ್ಯುತ್ ಮೋಟಾರು—ಇದು ಹಾಲೆಂಡನ ವಿನ್ಯಾಸದ ತಿರುಳು. ಗ್ಯಾಸೊಲಿನ್ ಎಂಜಿನ್ನಿಗೆ ಗಾಳಿ ಬೇಕು. ಅದರ ಆವಿ ಮನುಷ್ಯನಿಗೆ ವಿಷ, ಕಿಡಿ ತಾಗಿದರೆ ಸ್ಫೋಟಕ. ಬ್ಯಾಟರಿಯೊಳಕ್ಕೆ ಸಮುದ್ರದ ನೀರು ಹೊಕ್ಕರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಳುಗಿದ ದೋಣಿಯಿಂದ ತಪ್ಪಿಸಿಕೊಳ್ಳುವ ಸಾಧನಗಳು ಬಳಕೆಗೆ ಬರುವುದು ಇನ್ನೂ ಮುಂದಿನ ಮಾತು. ಹೀಗೆ ಒಂದು ಕಿರಿದಾದ ಉಕ್ಕಿನ ಕೊಳವೆಯಲ್ಲಿ ಮೂರು ನಾಲ್ಕು ಬಗೆಯ ಸಾವುಗಳ ಜೊತೆಯಲ್ಲೇ ನಾವಿಕರು ದುಡಿಯಬೇಕಿತ್ತು.

ಅಪಘಾತಗಳ ಸರಣಿಯೇ ಇದನ್ನು ಸಾರುತ್ತದೆ. 1904ರ ಮಾರ್ಚಿನಲ್ಲಿ ಬ್ರಿಟನ್ನಿನ ‘ಎ1’ ಒಂದು ಪ್ರಯಾಣಿಕ ಹಡಗಿನ ಹೊಡೆತಕ್ಕೆ ಸಿಕ್ಕಿ 11 ಮಂದಿಯೊಂದಿಗೆ ಮುಳುಗಿತು. 1905ರ ಜೂನಿನಲ್ಲಿ ಪ್ಲಿಮತ್ತಿನ ಬಳಿ ‘ಎ8’ 15 ಮಂದಿಯನ್ನು ಬಲಿ ತೆಗೆದುಕೊಂಡಿತು. ಅದೇ ಜುಲೈನಲ್ಲಿ ಟ್ಯುನೀಷಿಯದ ಬಿಜೆರ್ತ್‌ನಲ್ಲಿ ಫ್ರೆಂಚ್ ದೋಣಿ ‘ಫಾರ್ಫಾದೆ’ ಮುಳುಗಿದಾಗ ಒಳಗಿನವರು ಗೋಡೆಯನ್ನು ಬಡಿಯುತ್ತಿದ್ದ ಸದ್ದು ಹೊರಗಿನವರಿಗೆ ಕೇಳಿಸುತ್ತಿತ್ತು. ಆದರೂ ಅವರನ್ನು ಉಳಿಸಲಾಗಲಿಲ್ಲ. ಮರುವರ್ಷ ಅದೇ ಕಡಲಿನಲ್ಲಿ ‘ಲ್ಯೂತೇ’ 16 ಮಂದಿಯೊಂದಿಗೆ ಕಣ್ಮರೆಯಾಯಿತು. ಆರನೇ ಜಲಾಂತರ್ಗಾಮಿ ಮುಳುಗಿ ಆರು ವಾರವಾಗುವ ಮೊದಲೇ, 1910ರ ಮೇ 26ರಂದು, ಕ್ಯಾಲೆಯ ಬಳಿ ಫ್ರಾನ್ಸಿನ ‘ಪ್ಲುವಿಯೋಸ್’ ಒಂದು ಹಡಗಿಗೆ ಸಿಕ್ಕಿ 27 ಮಂದಿ ಮಡಿದರು. ಈ ಸಾವುಗಳಲ್ಲಿ ಬಹುಪಾಲು ಮೌನವಾದವು. ಒಳಗೆ ಏನು ನಡೆಯಿತೆಂಬುದನ್ನು ಶವಗಳ ನೆಲೆಯಿಂದ, ಕವಾಟಗಳ ಸ್ಥಿತಿಯಿಂದ ಊಹಿಸಬೇಕಾಗಿತ್ತು. ಸಕುಮಾನ ಕೈಪುಸ್ತಕ ಆ ಮೌನಕ್ಕೆ ಅಪವಾದ.

ದೋಣಿ ಮತ್ತು ನಾಯಕ

ರಷ್ಯದೊಡನೆ ಯುದ್ಧ ನಡೆಯುತ್ತಿದ್ದ 1904ರಲ್ಲಿ ಜಪಾನ್ ಅಮೆರಿಕದಿಂದ ಐದು ಹಾಲೆಂಡ್ ದೋಣಿಗಳನ್ನು ತರಿಸಿತು. ಬಿಡಿಭಾಗಗಳಾಗಿ ಬಂದ ಅವುಗಳನ್ನು ಯೊಕೊಸುಕದಲ್ಲಿ ಜೋಡಿಸಿ ಮುಗಿಸುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಇದರ ನಡುವೆಯೇ ಹಾಲೆಂಡನ ನಕ್ಷೆಗಳನ್ನು ಆಧರಿಸಿ ಕೋಬೆ ನಗರದ ಕವಾಸಾಕಿ ಹಡಗುಕಟ್ಟೆಯಲ್ಲಿ ಇನ್ನೆರಡು ದೋಣಿಗಳ ನಿರ್ಮಾಣ ಆರಂಭವಾಯಿತು. ಜಪಾನಿನ ನೆಲದಲ್ಲೇ ಕಟ್ಟಿದ ಮೊದಲ ಜಲಾಂತರ್ಗಾಮಿಗಳು ಇವು. 1906ರಲ್ಲಿ ಸೇವೆಗೆ ಸೇರಿದ ಆರನೆಯದರ ಉದ್ದ ಸುಮಾರು 22 ಮೀಟರ್. ನೀರಿನ ಮೇಲಿರುವಾಗ ಅದರ ತೂಕ 57 ಟನ್. ಟಾರ್ಪಿಡೊ ಕೊಳವೆ ಒಂದೇ ಒಂದು. ಅಮೆರಿಕದಿಂದ ಬಂದ ದೋಣಿಗಳಿಗೆ ಹೋಲಿಸಿದರೆ ಇದರ ಗಾತ್ರ ಹೆಚ್ಚುಕಡಿಮೆ ಅರ್ಧದಷ್ಟೇ. ನೌಕಾದಳದಲ್ಲಿದ್ದ ಅತಿ ಚಿಕ್ಕ ಜಲಾಂತರ್ಗಾಮಿ ಎಂದರೆ ಇದೇ.

ಸಕುಮಾ ತ್ಸುತೊಮು ಹುಟ್ಟಿದ್ದು 1879ರಲ್ಲಿ, ಜಪಾನ್ ಸಮುದ್ರದ ಕರಾವಳಿಗೆ ಸೇರಿದ ಫುಕುಯಿ ಪ್ರಾಂತದ ಹಳ್ಳಿಯೊಂದರಲ್ಲಿ, ಶಿಂತೊ ಅರ್ಚಕರ ಮನೆತನದಲ್ಲಿ. ನೌಕಾ ಶಾಲೆಯ ಶಿಕ್ಷಣವನ್ನು 1901ರಲ್ಲಿ ಮುಗಿಸಿ, ರಷ್ಯದೊಡನೆ ನಡೆದ ಯುದ್ಧದಲ್ಲಿ ‘ಕಸಾಗಿ’ ಎಂಬ ಹಡಗಿನಲ್ಲಿದ್ದು, ಅನಂತರ ಜಲಾಂತರ್ಗಾಮಿಗಳ ಕಡೆಗೆ ತಿರುಗಿದನು. ಕೊನೆಯ ದಿನ ಅವನ ವಯಸ್ಸು ಮೂವತ್ತು.

ಮುಳುಗಿದ ಬಗೆ

ಅಂದಿನ ಅಭ್ಯಾಸದ ಹೆಸರು ಗ್ಯಾಸೊಲಿನ್ ನಿಮಜ್ಜನ. ದೋಣಿಯ ಒಡಲನ್ನು ನೀರಿನೊಳಗಿಟ್ಟು, ಗಾಳಿಕೊಳವೆಯೊಂದರ ಬಾಯಿಯನ್ನಷ್ಟೇ ನೀರಿನ ಮೇಲಿರಿಸಿ, ಅದರ ಮೂಲಕ ಗಾಳಿ ಎಳೆದುಕೊಂಡು ಗ್ಯಾಸೊಲಿನ್ ಎಂಜಿನ್ನಿನಲ್ಲೇ ಸಾಗುವುದು ಇದರ ಉದ್ದೇಶ. ಬ್ಯಾಟರಿ ಸಣ್ಣದಾಗಿದ್ದ ಕಾಲದಲ್ಲಿ ನೀರಿನಡಿಯ ಪಯಣವನ್ನು ಉದ್ದಗೊಳಿಸಲು ಕಂಡುಕೊಂಡ ದಾರಿ ಅದು. ಎರಡನೆಯ ಮಹಾಯುದ್ಧದಲ್ಲಿ ‘ಸ್ನಾರ್ಕೆಲ್’ ಎಂಬ ಹೆಸರಿನಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಉಪಕರಣದ ಹಿಂದೆಯೂ ಇದೇ ತತ್ವವಿದೆ. ಆದರೆ 1910ರ ದೋಣಿಯಲ್ಲಿ ಈ ಅಭ್ಯಾಸದ ಅಪಾಯ ಸ್ಪಷ್ಟವಿತ್ತು. ದೋಣಿ ಕೊಂಚ ಹೆಚ್ಚು ಇಳಿದರೂ ಗಾಳಿ ಬರುವ ದಾರಿಯೇ ನೀರು ಬರುವ ದಾರಿಯಾಗುತ್ತಿತ್ತು.

ಆದದ್ದೂ ಅದೇ. ದೋಣಿ ಅಗತ್ಯಕ್ಕಿಂತ ಆಳಕ್ಕೆ ಇಳಿಯಿತು. ಕೊಳವೆಯಿಂದ ನೀರು ನುಗ್ಗಿತು. ಕೊಳವೆಯನ್ನು ಮುಚ್ಚುವ ಕವಾಟವನ್ನು ಎಳೆಯುವಾಗ ಅದರ ಸರಪಳಿ ನಡುವೆಯೇ ಕೈಕೊಟ್ಟಿತು. ಕೈಯಿಂದಲೇ ಕವಾಟವನ್ನು ಮುಚ್ಚಿದರಾದರೂ ಅಷ್ಟರಲ್ಲಿ ಹಿಂಭಾಗ ನೀರಿನಿಂದ ತುಂಬಿತ್ತು. ದೋಣಿ ಹಿಮ್ಮುಖವಾಗಿ ವಾಲಿ ಕಡಲ ತಳಕ್ಕೆ ಕುಸಿಯಿತು. ವಿದ್ಯುತ್ ಫಲಕ ನೆನೆದು ದೀಪಗಳು ಆರಿದವು. ತಂತಿಗಳು ಸುಟ್ಟು ಕೆಟ್ಟ ಹೊಗೆ ಹಬ್ಬಿತು. ಉಳಿದದ್ದು ಕೈಪಂಪು ಒಂದೇ. ನಾವಿಕರು ಆ ಕತ್ತಲೆಯಲ್ಲಿ ಪಂಪನ್ನು ಒತ್ತುತ್ತ ನೀರನ್ನು ಹೊರಹಾಕಲು ಹೆಣಗಿದರು. ದೋಣಿ ಕದಲಲಿಲ್ಲ.

ಮುಂದಿನ ಎರಡು ದಿನಗಳಲ್ಲಿ ದೋಣಿಯನ್ನು ಪತ್ತೆಹಚ್ಚಿ ಮೇಲೆತ್ತಲಾಯಿತು. ಬಾಗಿಲು ತೆರೆದಾಗ ಹನ್ನೆರಡು ಮಂದಿ ತಮ್ಮ ತಮ್ಮ ಕೆಲಸದ ಎಡೆಗಳಲ್ಲೇ ಇದ್ದರು. ಉಳಿದಿಬ್ಬರು ತಮ್ಮ ಎಡೆ ಬಿಟ್ಟಿದ್ದುದು ಒಡೆದ ಗ್ಯಾಸೊಲಿನ್ ಕೊಳವೆಯನ್ನು ಸರಿಪಡಿಸುವುದಕ್ಕಾಗಿ. ಅವರು ಕಂಡುಬಂದದ್ದೂ ಆ ಕೊಳವೆಯ ಬಳಿಯಲ್ಲೇ.

ಕೈಪುಸ್ತಕದಲ್ಲಿ ಏನಿದೆ

ಸಕುಮಾನ ಬರಹ ಕ್ಷಮಾಯಾಚನೆಯಿಂದ ತೊಡಗುತ್ತದೆ. ತನ್ನ ಅಜಾಗರೂಕತೆಯಿಂದ ದೊರೆಯ ದೋಣಿ ಮುಳುಗಿತೆಂದು, ಅಧೀನರು ಸಾಯುವಂತಾಯಿತೆಂದು ಅವನು ಒಪ್ಪಿಕೊಳ್ಳುತ್ತಾನೆ. ಇಲ್ಲಿ ಅವನು ಬಳಸುವ ಕ್ರಿಯಾಪದ ಗಮನಾರ್ಹವಾದುದು. ‘ಸತ್ತರು’ ಎಂಬ ಅರ್ಥದ ಪದವನ್ನು ಬಿಟ್ಟು ‘ಕೊಲ್ಲು’ ಎಂಬ ಅರ್ಥದ ಪದವನ್ನೇ ಅವನು ಆರಿಸಿಕೊಂಡಿದ್ದಾನೆ. ಸರಪಳಿಯನ್ನಾಗಲಿ, ಕವಾಟವನ್ನಾಗಲಿ, ಕಡಲನ್ನಾಗಲಿ ಕರ್ತೃಸ್ಥಾನದಲ್ಲಿ ನಿಲ್ಲಿಸದೆ ತಾನೇ ಅಲ್ಲಿ ನಿಲ್ಲುತ್ತಾನೆ. ಅದರ ಬೆನ್ನಿಗೇ ಅಧೀನರೆಲ್ಲರೂ ಸಾವಿನವರೆಗೆ ಶಾಂತಚಿತ್ತರಾಗಿ ತಮ್ಮ ಕರ್ತವ್ಯವನ್ನು ನಡೆಸಿದರೆಂಬ ಸಾಕ್ಷ್ಯ ಬರುತ್ತದೆ. ದೋಷ ತನಗೆ, ಮನ್ನಣೆ ಅವರಿಗೆ ಎಂಬ ಹಂಚಿಕೆ ಮೊದಲ ವಾಕ್ಯಗಳಲ್ಲೇ ಮುಗಿದುಹೋಗುತ್ತದೆ.

ಎರಡನೆಯ ಕಳವಳ ಜಲಾಂತರ್ಗಾಮಿಗಳ ಭವಿಷ್ಯವನ್ನು ಕುರಿತದ್ದು. ಜನರು ಈ ಅವಘಡವನ್ನು ತಪ್ಪಾಗಿ ತಿಳಿದು ಇವುಗಳ ಬೆಳವಣಿಗೆಗೇ ಅಡ್ಡಿಯಾದಾರೆಂಬ ಭಯವನ್ನು ಅವನು ತೋಡಿಕೊಳ್ಳುತ್ತಾನೆ. ಆ ಬಳಿಕ ವರದಿ ಆರಂಭವಾಗುತ್ತದೆ. ಮುಳುಗಲು ಕಾರಣವೇನು, ಕವಾಟಕ್ಕೆ ಏನಾಯಿತು, ದೋಣಿ ಎಷ್ಟು ಅಂಶ ವಾಲಿತು, ತಳ ಮುಟ್ಟಿದ ಮೇಲೆ ಆ ವಾಲಿಕೆ ಎಷ್ಟಾಯಿತು, ಯಾವ ಟ್ಯಾಂಕನ್ನು ಹೇಗೆ ಖಾಲಿ ಮಾಡಲು ಯತ್ನಿಸಲಾಯಿತು, ಬ್ಯಾಟರಿಗೆ ಸಮುದ್ರದ ನೀರು ಹೊಕ್ಕಿಲ್ಲವಾದ್ದರಿಂದ ಕ್ಲೋರಿನ್ ಹುಟ್ಟಿಲ್ಲ—ಇವೆಲ್ಲವನ್ನೂ ಒಬ್ಬ ತಂತ್ರಜ್ಞನ ಕ್ರಮದಲ್ಲಿ ನಮೂದಿಸುತ್ತಾನೆ. ಕತ್ತಲೆಯಿಂದಾಗಿ ಮಾಪಕ ಕಾಣುತ್ತಿಲ್ಲವೆಂದೂ, ಟ್ಯಾಂಕು ಬರಿದಾಗಿರಬೇಕೆಂಬುದು ತನ್ನ ನಂಬಿಕೆ ಮಾತ್ರವೆಂದೂ ತಿಳಿಸುತ್ತಾನೆ. ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸುವ ಈ ಎಚ್ಚರ ಆ ಸ್ಥಿತಿಯಲ್ಲೂ ಅವನನ್ನು ಬಿಟ್ಟಿರಲಿಲ್ಲ. ಹನ್ನೊಂದೂ ಮುಕ್ಕಾಲಿಗೆ, ನಿಯಂತ್ರಣ ಗೋಪುರದ ಕಿಂಡಿಯಿಂದ ಇಳಿಯುವ ಬೆಳಕಿನಲ್ಲಿ ಇಷ್ಟನ್ನು ಬರೆದುದಾಗಿ ಅವನೇ ಗುರುತು ಮಾಡಿದ್ದಾನೆ.

ವೇಳೆ ಕಳೆದಂತೆ ಬಟ್ಟೆ ಒದ್ದೆಯಾದದ್ದು, ಚಳಿಯಾಗುತ್ತಿರುವುದು ಬರಹಕ್ಕೆ ಸೇರುತ್ತದೆ. ಆಳಮಾಪಕ ತೋರಿಸುತ್ತಿದ್ದುದು 52 ಅಡಿ, ಅಂದರೆ ಸುಮಾರು 16 ಮೀಟರ್. ಬಯಲಿನಲ್ಲಿ ಒಬ್ಬ ಮನುಷ್ಯ ಅರೆ ನಿಮಿಷದೊಳಗೆ ನಡೆದುಬಿಡುವ ದೂರ ಅದು. ಹನ್ನೆರಡು ಗಂಟೆಯವರೆಗೆ ಯತ್ನಿಸಿದರೂ ದೋಣಿ ಅಲುಗಲಿಲ್ಲವೆಂದು ಅವನು ದಾಖಲಿಸುತ್ತಾನೆ.

ತರುವಾಯ ‘ಸಾರ್ವಜನಿಕ ಉಯಿಲು’ ಎಂಬ ಭಾಗವಿದೆ. ಅದರಲ್ಲಿರುವುದು ಒಂದೇ ಬಿನ್ನಹ. ತನ್ನ ಅಧೀನರ ಕುಟುಂಬಗಳಲ್ಲಿ ಯಾರೂ ಬಡತನಕ್ಕೆ ಸಿಕ್ಕಿ ನರಳದಂತೆ ದೊರೆ ನೋಡಿಕೊಳ್ಳಬೇಕು. ಮನಸ್ಸಿನಲ್ಲಿ ಉಳಿದಿರುವ ಚಿಂತೆ ಇದೊಂದೇ. ತನ್ನ ಸ್ವಂತ ಉಯಿಲನ್ನು ಅವನು ಮೊದಲೇ ಬರೆದಿಟ್ಟಿದ್ದನು. ಅದು ಎಲ್ಲಿದೆಯೆಂಬುದನ್ನಷ್ಟೇ ಸೂಚಿಸಿ, ಅದು ಖಾಸಗಿ ಸಂಗತಿ ಎಂದು ಅಲ್ಲಿಗೆ ಬಿಡುತ್ತಾನೆ.

ಕೊನೆಯ ಪುಟಗಳಲ್ಲಿ ಹೆಸರುಗಳ ಪಟ್ಟಿ. ನೌಕಾಮಂತ್ರಿ ಸೈಟೊನಿಂದ ಮೊದಲಾಗಿ ಮೇಲಧಿಕಾರಿಗಳಿಗೆ, ಸಹೋದ್ಯೋಗಿಗಳಿಗೆ, ತನಗೆ ವಿದ್ಯೆ ಕಲಿಸಿದ ಇಬ್ಬರು ಗುರುಗಳಿಗೆ ವಂದನೆ. ಹೆಸರುಗಳ ನಡುವೆ ಕಂಸದೊಳಗೆ ಒಂದು ಮಾತು ನುಸುಳುತ್ತದೆ: ಗಾಳಿಯ ಒತ್ತಡ ಏರುತ್ತಿದೆ, ಕಿವಿದೆರೆ ಹರಿಯುವಂತಿದೆ. ಮತ್ತೆ ಹೆಸರುಗಳು. ಹನ್ನೆರಡೂವರೆಗೆ ಉಸಿರಾಟ ಬಹಳ ಕಷ್ಟವಾಗುತ್ತಿರುವುದನ್ನು ಗುರುತಿಸುತ್ತಾನೆ. ಗ್ಯಾಸೊಲಿನನ್ನು ಹೊರಹಾಕಿದೆವೆಂದು ತಿಳಿದಿದ್ದರೂ ಅದರ ಅಮಲು ಏರಿತೆಂಬುದನ್ನು ಬರೆಯುತ್ತಾನೆ. ಆಮೇಲೆ ಇನ್ನೂ ಒಬ್ಬ ಅಧಿಕಾರಿಯ ಹೆಸರು, ನಕಾನೊ ಎಂದು. ಕಡೆಯಲ್ಲಿ ವೇಳೆ: ಹನ್ನೆರಡು ಗಂಟೆ ನಲವತ್ತು ನಿಮಿಷ. ಅಲ್ಲಿಗೆ ಪೆನ್ಸಿಲು ನಿಂತಿದೆ.

ಗ್ರಾಂಥಿಕದಿಂದ ಆಡುಮಾತಿಗೆ

ಅಂದಿನ ಜಪಾನಿನಲ್ಲಿ ಅಧಿಕೃತ ಬರಹದ ಭಾಷೆ ಬೇರೆ, ಆಡುವ ಭಾಷೆ ಬೇರೆ. ಸೈನಿಕ ವರದಿಗಳು ಚೀನೀ ಲಿಪಿಚಿಹ್ನೆಗಳಿಂದ ತುಂಬಿದ, ಹಳೆಯ ವ್ಯಾಕರಣದ ಗ್ರಾಂಥಿಕ ಶೈಲಿಯಲ್ಲಿರಬೇಕಿತ್ತು. ಸಕುಮಾ ಆ ಶೈಲಿಯಲ್ಲೇ ಬರೆಯತೊಡಗಿದನು. ಕ್ಷಮಾಯಾಚನೆ, ಕಾರಣನಿರೂಪಣೆ, ದೊರೆಗೆ ಬಿನ್ನಹ—ಎಲ್ಲವೂ ಪದವಿಗೆ ತಕ್ಕ ಗಂಭೀರ ಗ್ರಾಂಥಿಕದಲ್ಲಿವೆ.

ಹನ್ನೆರಡೂವರೆಯ ಸಾಲಿನಲ್ಲಿ ಅದು ಮುರಿಯುತ್ತದೆ. ಉಸಿರಾಟದ ಕಷ್ಟವನ್ನು ಹೇಳುವ ಪದದ ಗ್ರಾಂಥಿಕ ರೂಪ ‘ಕುರುಶಿ’. ಅವನು ಬರೆದದ್ದು ‘ಕುರುಶೀ’ ಎಂದು; ಅದು ತಾಯಿಯೊಡನೆಯೋ ಗೆಳೆಯರೊಡನೆಯೋ ಆಡುವಾಗ ಬಾಯಿಗೆ ಬರುವ ರೂಪ. ಅಮಲೇರಿತೆಂಬ ಮಾತೂ ಆಡುಮಾತಿನದೇ. ಒಂದು ಸ್ವರದ ದೀರ್ಘವಷ್ಟೇ ಇಲ್ಲಿನ ವ್ಯತ್ಯಾಸ. ಆದರೆ ಭಾಷೆಯನ್ನು ಬಲ್ಲವರಿಗೆ ಆ ದೀರ್ಘದಲ್ಲಿ ಎರಡೂವರೆ ಗಂಟೆಯ ಇತಿಹಾಸವೇ ಕೇಳಿಸುತ್ತದೆ. ಶಿಕ್ಷಣದಿಂದ ಗಳಿಸಿದ ಭಾಷೆ ಅಧಿಕಾರಿಯನ್ನು ಬಹುದೂರ ಕೈಹಿಡಿದು ನಡೆಸಿತು. ಉಸಿರೇ ಇಲ್ಲವಾದಾಗ ಹುಟ್ಟಿನಿಂದ ಬಂದ ಭಾಷೆ ಅವನನ್ನು ಎತ್ತಿಕೊಂಡಿತು. ಶೈಲಿಯ ಈ ಬದಲಾವಣೆ ಅವನು ಉದ್ದೇಶಿಸಿದ್ದಲ್ಲ. ಉದ್ದೇಶಿಸದೆ ಇದ್ದುದರಿಂದಲೇ ಅದು ಸಾಕ್ಷ್ಯವಾಗಿದೆ.

ಸೋಸೆಕಿಯ ಓದು

1910ರ ಬೇಸಗೆಯಲ್ಲಿ ನತ್ಸುಮೆ ಸೋಸೆಕಿ ಹೊಟ್ಟೆಯ ಹುಣ್ಣಿನಿಂದ ಟೋಕಿಯೊದ ಆಸ್ಪತ್ರೆಯೊಂದರಲ್ಲಿದ್ದನು. ‘ಮೊನ್’ ಕಾದಂಬರಿಯ ಧಾರಾವಾಹಿ ಆಗಷ್ಟೇ ಮುಗಿದಿತ್ತು. ಸಕುಮಾನ ಕೈಬರಹದ ಛಾಯಾಪ್ರತಿ ಅವನ ಹಾಸಿಗೆಯ ಬಳಿಗೆ ಬಂದಿತು. ಅದನ್ನು ಓದಿ ಜುಲೈ ತಿಂಗಳಲ್ಲಿ ‘ಅಸಾಹಿ’ ಪತ್ರಿಕೆಯ ಸಾಹಿತ್ಯ ಅಂಕಣಕ್ಕೆ ಎರಡು ಕಿರುಲೇಖನಗಳನ್ನು ಬರೆದನು.

ಮೊದಲನೆಯದು ಸಾಹಿತ್ಯದಲ್ಲಿ ವೀರದ ಸ್ಥಾನವನ್ನು ಕುರಿತದ್ದು. ಆಗ ಜಪಾನಿನ ಕಥನಸಾಹಿತ್ಯದಲ್ಲಿ ಸಹಜವಾದಿಗಳ ಪ್ರಾಬಲ್ಯವಿತ್ತು. ಮನುಷ್ಯನ ದೌರ್ಬಲ್ಯವನ್ನು, ಕಾಮವನ್ನು, ಸ್ವಾರ್ಥವನ್ನು ಮುಚ್ಚುಮರೆಯಿಲ್ಲದೆ ಚಿತ್ರಿಸುವುದೇ ಸತ್ಯನಿಷ್ಠೆಯೆಂದು ತಿಳಿದಿದ್ದ ಅವರಿಗೆ ವೀರವೆಂಬುದು ಸೋಗಿನ ಮಾತಾಗಿತ್ತು. ಸೋಸೆಕಿ ಅವರಿಗೆ ಅವರದೇ ನಿಯಮವನ್ನು ತೋರಿಸಿದನು. ಇರುವುದನ್ನು ಇರುವಂತೆ ಬರೆಯಬೇಕೆಂಬುದು ನಿಯಮವಾದರೆ, ಇಂಥ ನಡೆ ಕೂಡ ಲೋಕದಲ್ಲಿ ಇದೆಯಲ್ಲ. ಅದನ್ನು ಮಾತ್ರ ಹೊರಗಿಡುವುದು ಯಾವ ಸತ್ಯನಿಷ್ಠೆ? ಇದು ವೀರರಸದ ಪರವಾಗಿ ಹೂಡಿದ ವಾದವೆನ್ನುವುದಕ್ಕಿಂತ, ಸತ್ಯವನ್ನು ಕೇವಲ ಕೊಳಕಿಗೆ ಸೀಮಿತಗೊಳಿಸಬಾರದೆಂಬ ವಾದವೆನ್ನುವುದು ಸರಿ.

ಎರಡನೆಯ ಲೇಖನ ಇನ್ನೂ ಸೂಕ್ಷ್ಮವಾದುದು. ಅದರಲ್ಲಿ ಸೋಸೆಕಿ ಸಕುಮಾನ ಬರಹವನ್ನು ಹಿರೋಸೆ ತಕೆಯೊ ಎಂಬ ಇನ್ನೊಬ್ಬ ನೌಕಾಧಿಕಾರಿಯ ಪದ್ಯದೊಡನೆ ಹೋಲಿಸುತ್ತಾನೆ. 1904ರ ಮಾರ್ಚಿನಲ್ಲಿ ಪೋರ್ಟ್ ಆರ್ಥರ್ ಬಂದರಿನ ಬಾಯನ್ನು ಮುಚ್ಚಲು ಹೋಗಿ, ಕಾಣೆಯಾದ ತನ್ನ ಅಧೀನನೊಬ್ಬನನ್ನು ಹುಡುಕುತ್ತ ಗುಂಡಿಗೆ ಬಲಿಯಾದ ಹಿರೋಸೆಯನ್ನು ದೇಶ ‘ಸಮರದೇವತೆ’ ಎಂದು ಕೊಂಡಾಡುತ್ತಿತ್ತು. ಟೋಕಿಯೊದಲ್ಲಿ ಅವನ ಪ್ರತಿಮೆ ನಿಂತದ್ದೂ 1910ರಲ್ಲೇ. ಹೊರಡುವ ಮುನ್ನ ಅವನು ಚೀನೀ ಶೈಲಿಯ ಪುಟ್ಟ ಪದ್ಯವೊಂದನ್ನು ಬರೆದಿದ್ದನು. ಪ್ರಾಣವನ್ನು ತೃಣವಾಗಿ ಕಾಣುವ, ನಗುತ್ತ ಸಾಗುವ ವೀರನ ಸಿದ್ಧಮಾತುಗಳು ಅದರಲ್ಲಿದ್ದವು. ಹಿರೋಸೆಯ ಸಾಹಸವನ್ನು ಸೋಸೆಕಿ ಅಲ್ಲಗಳೆಯಲಿಲ್ಲ. ಆದರೆ ಆ ಪದ್ಯ ಕಳಪೆಯದೆಂದು ನೇರವಾಗಿ ಹೇಳಿದನು. ಸಕುಮಾನ ಬರಹವೂ ಒರಟಾದುದೇ. ಅಕ್ಷರಗಳ ಗೆರೆಗಳು ಅಲ್ಲಲ್ಲಿ ತಪ್ಪಿವೆ, ವಾಕ್ಯಗಳು ಕುಂಟಿವೆ. ಎರಡೂ ಕುಂದುಳ್ಳ ಬರಹಗಳೇ ಆದರೂ ಕುಂದು ಮಾತ್ರ ಒಂದೇ ಬಗೆಯದಲ್ಲ. ಸಕುಮಾನಿಗೆ ಬರೆಯದೆ ಬೇರೆ ದಾರಿಯಿರಲಿಲ್ಲ. ಕತ್ತಲೆ, ವಿಷಗಾಳಿ ಅವನ ಅಕ್ಷರಗಳನ್ನು ಕೆಡಿಸಿದವು. ಹಿರೋಸೆಗೆ ಪದ್ಯ ಬರೆಯುವ ಅಗತ್ಯವೇ ಇರಲಿಲ್ಲ. ಬರೆದದ್ದೂ ಯಾರು ಬೇಕಾದರೂ ಬರೆಯಬಹುದಾದ ಮಾತುಗಳನ್ನು. ಸೋಸೆಕಿಯ ವಾದದ ಸಾರವಿದು.

ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಸೋಸೆಕಿ ಇಲ್ಲಿ ಔಚಿತ್ಯವನ್ನು ಅದರ ಬೇರಿನಲ್ಲಿ ಹಿಡಿದಿದ್ದಾನೆ. ಯಾವ ಮಾತು ಎಲ್ಲಿ ಸಲ್ಲುತ್ತದೆ ಎಂಬ ಪ್ರಶ್ನೆಗಿಂತ ಹಿಂದಿನದು, ಮಾತೇ ಬೇಕಿತ್ತೆ ಎಂಬ ಪ್ರಶ್ನೆ. ಅಗತ್ಯದಿಂದ ಹುಟ್ಟಿದ ಬರಹದ ದೋಷ ಓದುಗನನ್ನು ಬರಹಗಾರನಿಗೆ ಹತ್ತಿರ ತರುತ್ತದೆ. ಅಗತ್ಯವಿಲ್ಲದ ಬರಹದ ದೋಷ ನಡುವೆ ಗೋಡೆಯಾಗುತ್ತದೆ.

ಅದೇ ಬೆಳಕು

ಸೋಸೆಕಿಯ ಮೊದಲ ಲೇಖನದಲ್ಲಿ ಎಚ್ಚರದಿಂದ ಓದಬೇಕಾದ ಒಂದು ಭಾಗವಿದೆ. ಹಿಂದೊಮ್ಮೆ ಬ್ರಿಟಿಷ್ ಜಲಾಂತರ್ಗಾಮಿಯೊಂದು ಮುಳುಗಿದಾಗ ನಾವಿಕರು ಜೀವದಾಸೆಯಿಂದ, ನೀರಿನ ಬೆಳಕು ಸೋರುವ ಕಿಟಕಿಯ ಕೆಳಗೆ ಒಬ್ಬರ ಮೇಲೊಬ್ಬರು ಬಿದ್ದು ಸತ್ತಿದ್ದರೆಂಬ ಕೇಳಿಕೆಯನ್ನು ಅವನು ಸಕುಮಾನ ದೋಣಿಯ ಶಿಸ್ತಿಗೆ ಪ್ರತಿಯಾಗಿ ಇರಿಸುತ್ತಾನೆ. ಇಂಥ ಕೇಳಿಕೆ ಎಷ್ಟು ನಿಜವೆಂಬುದಕ್ಕಿಂತ ಅದನ್ನು ಬಳಸುವ ರೀತಿ ಮುಖ್ಯ. ಉಸಿರಿಲ್ಲದ ಕತ್ತಲೆಯಲ್ಲಿ ಬೆಳಕಿನತ್ತ ಸರಿಯುವುದು ಹೇಡಿತನವಲ್ಲ, ಅದು ಜೀವಧರ್ಮ. ಬಿಜೆರ್ತ್‌ನಲ್ಲಿ ದೋಣಿಯ ಗೋಡೆಯನ್ನು ಬಡಿದವರೂ ಹೇಡಿಗಳಾಗಿರಲಿಲ್ಲ.

ಸಕುಮಾ ಬರೆದದ್ದು ಕೂಡ ಅಂಥದೇ ಒಂದು ಕಿಂಡಿಯ ಬೆಳಕಿನಲ್ಲಿ ಎಂಬುದನ್ನು ಮರೆಯಬಾರದು. ಹದಿನಾರು ಮೀಟರ್ ನೀರನ್ನು ದಾಟಿ ಬಂದ ಆ ಮಸುಕು ಬೆಳಕು ಇಲ್ಲದೆ ಹೋಗಿದ್ದರೆ ಕೈಪುಸ್ತಕವೂ ಇರುತ್ತಿರಲಿಲ್ಲ. ಕೆಲವರಿಗೆ ಆ ಬೆಳಕು ಬದುಕಿನ ಕೊನೆಯ ಆಸೆಯಾದರೆ, ಅವನಿಗೆ ಬರೆಯಲು ಬೇಕಾದ ಸಾಧನವಾಯಿತು. ಈ ಎರಡರಲ್ಲಿ ಒಂದನ್ನು ಮೇಲೆಂದು, ಇನ್ನೊಂದನ್ನು ಕೀಳೆಂದು ಅಳೆಯುವ ಅಧಿಕಾರ ದಡದ ಮೇಲೆ ನಿಂತ ಓದುಗನಿಗೆ ಇಲ್ಲ.

ಸಕುಮಾನ ಬರಹದೊಳಗೂ ಒಂದು ಬಿಕ್ಕಟ್ಟಿದೆ. ಮೊದಲಲ್ಲಿ ಅಜಾಗರೂಕತೆಯನ್ನು ಒಪ್ಪಿಕೊಂಡವನು ಮುಂದೆ, ಜಲಾಂತರ್ಗಾಮಿಯ ನಾವಿಕರು ಸೂಕ್ಷ್ಮವಾದ ಎಚ್ಚರದ ಜೊತೆಗೆ ದಿಟ್ಟತನವನ್ನೂ ಹೊಂದಿರಬೇಕು, ಅತಿಯಾದ ಎಚ್ಚರದಿಂದ ಕುಗ್ಗಬಾರದು ಎಂದು ತಾನು ಸದಾ ಹೇಳುತ್ತಿದ್ದುದನ್ನು ನೆನೆಯುತ್ತಾನೆ. ಈ ಸೋಲನ್ನು ಕಂಡು ಜನ ನಗಬಹುದು. ಆದರೂ ಆ ಮಾತು ತಪ್ಪಲ್ಲವೆಂದು ನಂಬಿರುವುದಾಗಿ ಬರೆಯುತ್ತಾನೆ. ಹದಿಮೂರು ಜೀವಗಳು ಕಣ್ಣೆದುರಿನಲ್ಲೇ ಆರುತ್ತಿರುವಾಗ ಈ ನಂಬಿಕೆಯನ್ನು ಎತ್ತಿಹಿಡಿಯುವುದು ಓದುಗನನ್ನು ಕಲಕುತ್ತದೆ. ತಪ್ಪೊಪ್ಪಿಗೆಯೂ ಸಮರ್ಥನೆಯೂ ಒಂದೇ ಕೈಯಿಂದ, ಒಂದೇ ಗಂಟೆಯಲ್ಲಿ ಬಂದಿವೆ. ಪುರಾಣಪುರುಷನಲ್ಲಿ ಇಂಥ ಇಬ್ಬಗೆ ಇರುವುದಿಲ್ಲ, ಮನುಷ್ಯನಲ್ಲಿ ಇರುತ್ತದೆ.

ಪಾಠವಾದ ಬರಹ

ಕೈಪುಸ್ತಕ ಪ್ರಕಟವಾದ ಕೂಡಲೇ ದೇಶವೆಲ್ಲ ಸಕುಮಾನನ್ನು ಕೊಂಡಾಡಿತು. ಕವಯಿತ್ರಿ ಯೊಸಾನೊ ಅಕಿಕೊ ಅವನನ್ನು ಕುರಿತು ತಂಕಾ ಪದ್ಯಗಳನ್ನು ಬರೆದಳು. ಆರು ವರ್ಷಗಳ ಹಿಂದೆ, ಯುದ್ಧಕ್ಕೆ ಹೋದ ತಮ್ಮನನ್ನು ಕುರಿತು ‘ನೀನು ಸಾಯಬೇಡ’ ಎಂಬ ಅರ್ಥದ ಕವಿತೆ ಬರೆದು ದೇಶಭಕ್ತರ ಸಿಟ್ಟಿಗೆ ಗುರಿಯಾಗಿದ್ದವಳು ಅವಳೇ. ಯುದ್ಧವನ್ನು ಪ್ರಶ್ನಿಸಿದ ಲೇಖನಿ ಈ ಸಾವಿಗೆ ಮಿಡಿಯಿತೆಂಬುದು, ಇದನ್ನು ಕೇವಲ ಸೈನಿಕಗೌರವದ ವಿಷಯವಾಗಿ ಎಲ್ಲರೂ ಕಂಡಿರಲಿಲ್ಲವೆಂಬುದಕ್ಕೆ ಕುರುಹು.

ಆದರೆ ಮುಂದಿನ ದಶಕಗಳಲ್ಲಿ ಗೆದ್ದದ್ದು ಇನ್ನೊಂದು ಬಗೆಯ ಓದು. ಶಾಲೆಯ ನೀತಿಪಾಠಗಳಲ್ಲಿ ಸಕುಮಾ ‘ಶಾಂತ ಧೈರ್ಯ’ಕ್ಕೆ ನಿದರ್ಶನವಾದನು, ದೊರೆಗಾಗಿ ಅಲುಗದೆ ಸಾಯುವುದನ್ನು ಮಕ್ಕಳಿಗೆ ಕಲಿಸುವ ಕಾಲ ಅದು. ದೋಣಿಯನ್ನು ದುರಸ್ತಿ ಮಾಡಿ ಮತ್ತೆ ಸೇವೆಗೆ ಸೇರಿಸಲಾಯಿತು. 1920ರಲ್ಲಿ ನಿವೃತ್ತಿಗೊಂಡ ಬಳಿಕ ಕುರೆಯ ಜಲಾಂತರ್ಗಾಮಿ ಶಾಲೆಯಲ್ಲಿ ಅದು ಸ್ಮಾರಕವಾಗಿ ನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ಆ ದೋಣಿಯನ್ನು ಒಡೆದುಹಾಕಲಾಯಿತು; ನೀತಿಪಾಠಗಳೂ ಇಲ್ಲವಾದವು. ಕುರೆಯಲ್ಲೂ ಅವನ ಹುಟ್ಟೂರಿನಲ್ಲೂ ಪ್ರತಿ ಏಪ್ರಿಲ್ 15ರಂದು ನಡೆಯುವ ಸ್ಮರಣೆ ಮಾತ್ರ ಉಳಿದುಕೊಂಡಿತು.

ಪಾಠವಾಗಿಸುವ ಓದು ಬರಹದಿಂದ ತನಗೆ ಬೇಕಾದುದನ್ನು ಆರಿಸಿಕೊಂಡಿತು. ಅದಕ್ಕೆ ಬೇಕಾಗಿದ್ದುದು ಸಾವಿಗೆ ಅಂಜದ ವೀರ. ಆದರೆ 39 ಪುಟಗಳಲ್ಲಿ ಸಾವನ್ನು ಹೊಗಳುವ ಮಾತು ಹುಡುಕಿದರೂ ಸಿಗುವುದಿಲ್ಲ. ಇರುವುದು ತಪ್ಪೊಪ್ಪಿಗೆ, ಮುಂದಿನವರು ಇದೇ ರೀತಿ ಸಾಯದಿರಲೆಂದು ಕೊಟ್ಟ ಕಾರಣಗಳು, ವಿಧವೆಯರು ಮತ್ತು ಮಕ್ಕಳ ಹೊಟ್ಟೆಪಾಡಿನ ಚಿಂತೆ, ಗುರುಗಳಿಗೆ ವಂದನೆ. ಸರಪಳಿ ಎಲ್ಲಿ ಕೈಕೊಟ್ಟಿತೆಂದು ಬರೆಯುವವನು ಬದುಕಿನ ಪಕ್ಷದವನು. ಆ ವರದಿಯ ಒಂದೊಂದು ಅಂಕಿಯೂ ಮುಂದೆ ಅದೇ ಬಗೆಯ ದೋಣಿಗೆ ಇಳಿಯುವ, ಅವನು ಎಂದೂ ಕಾಣದ ನಾವಿಕರಿಗೆ ಬರೆದದ್ದು.

ಸಕುಮಾನನ್ನು ಕುರಿತು ಬರೆದ ಐದೇ ವಾರಗಳಲ್ಲಿ, ಆಗಸ್ಟ್ ತಿಂಗಳ ಕೊನೆಯಲ್ಲಿ, ಸೋಸೆಕಿ ಶುಜೆಂಜಿ ಎಂಬ ಊರಿನಲ್ಲಿ ರಕ್ತ ಕಾರಿ ಸಾವಿನ ಅಂಚನ್ನು ಮುಟ್ಟಿ ಬಂದನು. ಚೇತರಿಸಿಕೊಳ್ಳುತ್ತ ಆ ಅನುಭವವನ್ನು ಸ್ಮೃತಿಲೇಖನಗಳಾಗಿ ಬರೆದನು. ಅವುಗಳಲ್ಲಿ ಸಾವನ್ನು ಜಯಿಸಿದ ಹಮ್ಮಿಲ್ಲ. ತನ್ನ ಆರೈಕೆ ಮಾಡಿದವರ ಬಗೆಗಿನ ಕೃತಜ್ಞತೆಯೇ ಅವುಗಳ ಉದ್ದಕ್ಕೂ ಹರಿದಿದೆ. ಕಡಲಡಿಯ ಕೈಪುಸ್ತಕ ಕೊನೆಗೊಳ್ಳುವುದೂ ಇತರರ ಹೆಸರುಗಳಲ್ಲಿ. ಕಣ್ಣು ಕತ್ತಲಿಡುತ್ತಿದ್ದಾಗ ಸಕುಮಾ ನೆನೆದು ಬರೆದುಕೊಂಡದ್ದು ಇನ್ನೊಬ್ಬನ ಹೆಸರನ್ನು. ಅದರ ಕೆಳಗೆ ವೇಳೆಯನ್ನು.